ಹಳೇ ಜೀಪಿಗೆ ಮನೆಯಲ್ಲೇ ಗ್ರೀಸ್ ಹೊಡೆಯೋಣ

ಮಲೆನಾಡಿನ ತೋಟದ ಮನೆಗಳಲ್ಲಿ ಹಳೇ ಮಹೀಂದ್ರಾ ಜೀಪುಗಳು ಇನ್ನೂ ಓಡುತ್ತಿವೆ. ಹಳ್ಳ ದಾಟಿ, ಕೆಸರು ಮೆತ್ತಿಕೊಂಡು ಬರುವ ಗಾಡಿಗೆ ಎಂಜಿನ್ ಆಯಿಲ್‌ನಷ್ಟೇ ಗ್ರೀಸೂ ಮುಖ್ಯ. ಸರ್ವಿಸ್‌ಗೆ ಬಿಟ್ಟಾಗ ‘ಗ್ರೀಸ್ ಹೊಡೆದಿದೀವಿ’ ಅಂತಾರೆ. ಎಲ್ಲಾ ಕಡೆ ಹೊಡೆದರೋ ಇಲ್ಲವೋ, ಅಡಿಗೆ ಬಗ್ಗಿ ನೋಡಿದವರಿಗೇ ಗೊತ್ತು! ಭಯಪಡಬೇಡಿ, ಇದು ಮನೆಯಲ್ಲೇ ಮಾಡಬಹುದಾದ ಕೆಲಸ. ನಿಮ್ಮದು ಈಚಿನ ಸಣ್ಣ ಕಾರಾದರೆ ಮಾತ್ರ ಗ್ರೀಸ್ ಗನ್ ಕೊಳ್ಳುವ ಮೊದಲು ಮ್ಯಾನುಯಲ್ ನೋಡಿ. ಅಂಥ ಕಾರುಗಳ ಬಹುತೇಕ ಜಾಯಿಂಟ್‌ಗಳು ಸೀಲ್ ಆಗಿಯೇ ಬರುತ್ತವೆ, ಗ್ರೀಸ್ ಒಳಗೆ ಹೊಡೆಯುವ ಸಣ್ಣ ಮೂತಿ, ಅಂದರೆ ನಿಪ್ಪಲ್ಲೇ ಇರುವುದಿಲ್ಲ.

1. ಗನ್ ಆರಿಸಿ. ಮನೆ ಬಳಕೆಗೆ ಲಿವರ್ ಗನ್ ಸಾಕು. ಇಕ್ಕಟ್ಟಿನಲ್ಲಿ ಒಂದೇ ಕೈಯಲ್ಲಿ ಒತ್ತಬೇಕೆಂದರೆ ಪಿಸ್ತೂಲ್ ಹಿಡಿಯ ಗನ್ ಅನುಕೂಲ, ಆದರೆ ಒತ್ತಡ ಕಡಿಮೆ. ಗಾಳಿಯ ಗನ್‌ಗೆ ಕಂಪ್ರೆಸರ್ ಬೇಕು. ಬ್ಯಾಟರಿಯದು ಒಂದೇ ಜೀಪಿಗೆ ದುಂದು. ಉಳಿದ ದುಡ್ಡನ್ನು ಬಾಗುವ ಹೋಸ್ ಮತ್ತು ಒಳ್ಳೆಯ ಕಪ್ಲರ್ ಮೇಲೆ ಹಾಕಿ. ಕಪ್ಲರ್ ಅಂದರೆ ನಿಪ್ಪಲ್ಲನ್ನು ಕಚ್ಚಿ ಹಿಡಿಯುವ ತುದಿಭಾಗ. ಕೆಲಸ ಕೆಡುವುದು ಹೆಚ್ಚಾಗಿ ಅಲ್ಲೇ.

2. ಗ್ರೀಸ್ ತನ್ನಿ. ಮ್ಯಾನುಯಲ್ ಹೇಳಿದ್ದೇ ಅಂತಿಮ. ಅದಿಲ್ಲದಿದ್ದರೆ ಅಂಗಡಿಯಲ್ಲಿ ‘ಲಿಥಿಯಂ ಇಪಿ 2’ ಕೇಳಿ. ಬಣ್ಣ ನೋಡಿ ಗ್ರೀಸ್ ಆರಿಸಬೇಡಿ, ಬಣ್ಣ ಬರೀ ಡೈ. ಬೇರೆ ಬೇರೆ ಜಾತಿಯ ಗ್ರೀಸ್ ಬೆರೆಸಲೂಬೇಡಿ. ಕೆಲವು ಒಂದಕ್ಕೊಂದು ಹೊಂದದೆ ನೀರಾಗಿ ಹರಿದುಹೋಗುತ್ತವೆ.

3. ಗನ್ ತುಂಬಿಸಿ. ತಲೆಭಾಗ ತಿರುಗಿಸಿ ಬಿಚ್ಚಿ. ಹಿಂದಿನ ರಾಡನ್ನು ಪೂರ್ತಿ ಎಳೆದು ಪಕ್ಕದ ಕಚ್ಚಿಗೆ ಸಿಕ್ಕಿಸಿ. ಒಳಗೆ ಗಟ್ಟಿ ಸ್ಪ್ರಿಂಗ್ ಇದೆ, ಕಚ್ಚು ತಪ್ಪಿದರೆ ರಾಡ್ ರಪ್ಪನೆ ಒಳಗೆ ಹೋಗುತ್ತದೆ. ಚಮಚದಿಂದ ಸ್ವಲ್ಪ ಸ್ವಲ್ಪವೇ ಗ್ರೀಸ್ ತುಂಬಿ, ನಡುನಡುವೆ ಬ್ಯಾರಲ್ಲನ್ನು ಮರದ ತುಂಡಿನ ಮೇಲೆ ಮೆಲ್ಲಗೆ ಕುಟ್ಟಿ. ಡಬ್ಬಿಗೆ ಮಣ್ಣು ಬೀಳದಂತೆ ನೋಡಿಕೊಳ್ಳಿ.

4. ಗಾಳಿ ಬಿಡಿ. ತಲೆಭಾಗವನ್ನು ಒಂದು ಸುತ್ತು ಸಡಿಲವಾಗಿ ಕೂರಿಸಿ, ರಾಡನ್ನು ಕಚ್ಚಿನಿಂದ ಬಿಡಿಸಿ. ಸಿಕ್ಕಿಕೊಂಡ ಗಾಳಿ ಸುಯ್ಯೆಂದು ಹೊರಬಂದ ಮೇಲೆ ಬಿಗಿ ಮಾಡಿ, ತುದಿಯಲ್ಲಿ ಗ್ರೀಸ್ ಬರುವ ತನಕ ಲಿವರ್ ಒತ್ತಿ. ಬರಲಿಲ್ಲವೇ? ಗನ್ ಕೆಟ್ಟಿಲ್ಲ, ಗಾಳಿ ಇನ್ನೂ ಇದೆ. ಇದೇ ಹಂತವನ್ನು ಮತ್ತೆ ಮಾಡಿ.

5. ಗಾಡಿ ಭದ್ರ ಮಾಡಿ. ಸಮತಟ್ಟು ನೆಲ, ಹ್ಯಾಂಡ್‌ಬ್ರೇಕ್, ಗೇರ್, ಚಕ್ರಗಳಿಗೆ ಅಡ್ಡಗಲ್ಲು. ಬರೀ ಜಾಕ್ ಮೇಲೆ ನಿಂತ ಗಾಡಿಯ ಅಡಿಗೆ ಹೋಗಲೇಬೇಡಿ, ಸ್ಟ್ಯಾಂಡ್ ಕೊಡಿ. ಜೀಪು ಎತ್ತರವಿರುವುದರಿಂದ ಹೆಚ್ಚಿನ ನಿಪ್ಪಲ್‌ಗಳು ಎತ್ತದೆಯೇ ಸಿಗುತ್ತವೆ.

6. ನಿಪ್ಪಲ್ ಹುಡುಕಿ ಒರೆಸಿ. ಪ್ರೊಪೆಲ್ಲರ್ ಶಾಫ್ಟ್‌ನ ತುದಿಯ ಕ್ರಾಸ್‌ಗಳು (ಪ್ಲಸ್ ಆಕಾರದ ಜಾಯಿಂಟ್‌ಗಳು), ಪಟ್ಟಿ ಸ್ಪ್ರಿಂಗ್‌ನ ಶ್ಯಾಕಲ್‌ಗಳು, ಸ್ಟೀರಿಂಗ್ ರಾಡಿನ ತುದಿಗಳನ್ನು ನೋಡಿ. ಕ್ರಾಸ್‌ನ ನಿಪ್ಪಲ್ ಮೇಲ್ಮುಖವಾಗಿದ್ದರೆ ಹೊರಗೆ ಬಂದು, ಗಾಡಿಯನ್ನು ಸ್ವಲ್ಪ ಮುಂದೆ ತಳ್ಳಿ ಮತ್ತೆ ಭದ್ರ ಮಾಡಿ. ಶಾಫ್ಟ್ ತಿರುಗಿ ಅದು ಕೈಗೆ ಸಿಗುತ್ತದೆ. ಬಟ್ಟೆಯಿಂದ ಪ್ರತಿ ನಿಪ್ಪಲ್ಲನ್ನೂ ಅದರ ತುದಿಯ ಸಣ್ಣ ಗುಂಡು ಕಾಣುವಷ್ಟು ಒರೆಸಿ. ಒರೆಸದೆ ಹೊಡೆದರೆ ಮರಳೂ ಗ್ರೀಸಿನ ಜೊತೆ ಬೇರಿಂಗ್‌ಗೆ ಹೋಗುತ್ತದೆ.

7. ಕಪ್ಲರ್ ಕೂರಿಸಿ. ನೇರವಾಗಿ ಹಿಡಿದು ‘ಟಕ್’ ಅನ್ನುವ ತನಕ ಒತ್ತಿ. ಓರೆಯಾದರೆ ಗ್ರೀಸ್ ಪಕ್ಕದಿಂದ ಸೋರುತ್ತದೆ. ಈಗ ಒಂದು ಗಟ್ಟಿ ಎಚ್ಚರಿಕೆ: ಒತ್ತಡದಲ್ಲಿರುವ ಹೋಸನ್ನು ಬರಿಗೈಯಲ್ಲಿ ಹಿಡಿಯಬೇಡಿ, ಸೋರುವ ಜಾಗಕ್ಕೆ ಬೆರಳು ಅಡ್ಡ ಕೊಡಬೇಡಿ. ಗ್ರೀಸ್ ಚರ್ಮ ತೂರಿ ಒಳಗೆ ಹೋಗಬಲ್ಲದು. ಹೊರಗೆ ಸೂಜಿ ಚುಚ್ಚಿದಷ್ಟೇ ಗಾಯ ಕಂಡರೂ, ನೋವಿಲ್ಲದಿದ್ದರೂ, ತಕ್ಷಣ ದೊಡ್ಡ ಆಸ್ಪತ್ರೆಗೆ ಹೋಗಿ. ತಡವಾದರೆ ಬೆರಳೇ ಹೋಗಬಹುದು.

8. ನಿಧಾನವಾಗಿ ಒತ್ತಿ. ಹೊಸಬರಿಗೆ ಎಲ್ಲಿ ನಿಲ್ಲಿಸಬೇಕೆಂಬುದೇ ತಿಳಿಯುವುದಿಲ್ಲ. ಕ್ರಾಸ್‌ನಲ್ಲಿ ನಾಲ್ಕೂ ತೋಳುಗಳ ತುದಿಯ ಕಪ್‌ಗಳ ಸೀಲ್ ಅಂಚಿನಲ್ಲಿ ಹೊಸ ಗ್ರೀಸ್ ಇಣುಕಬೇಕು. ಶ್ಯಾಕಲ್‌ನಲ್ಲಿ ಕಪ್ಪು, ಕೆಸರು ಗ್ರೀಸ್ ಹೋಗಿ ಹೊಸದು ಬಂದರೆ ಸಾಕು. ಸ್ಟೀರಿಂಗ್ ತುದಿಯ ರಬ್ಬರ್ ಬೂಟ್ ತುಸು ಉಬ್ಬಿತೋ, ನಿಲ್ಲಿಸಿಬಿಡಿ. ಇನ್ನೊಂದು ಒತ್ತಿಗೆ ಅದು ಹರಿಯುತ್ತದೆ, ಆ ದಾರಿಯಲ್ಲೇ ಮುಂದಿನ ಮಳೆನೀರು ಒಳಗೆ ಇಳಿಯುತ್ತದೆ.

ಲಿವರ್ ಕಲ್ಲಿನಂತೆ ಗಟ್ಟಿಯಾದರೆ ಜೋರು ಮಾಡಬೇಡಿ. ಹೆಚ್ಚಾಗಿ ನಿಪ್ಪಲ್ ಕಟ್ಟಿಕೊಂಡಿರುತ್ತದೆ. ಕಪ್ಲರ್ ತೆಗೆದು, ಗುಂಡನ್ನು ಸಣ್ಣ ತಂತಿಯಿಂದ ಒತ್ತಿ ನೋಡಿ. ಸ್ಪ್ರಿಂಗ್‌ನಂತೆ ಹಿಂದಕ್ಕೆ ಚಿಮ್ಮದಿದ್ದರೆ ಸ್ಪ್ಯಾನರ್‌ನಲ್ಲಿ ಬಿಚ್ಚಿ ಹೊಸದು ಹಾಕಿ. ಬೆಲೆ ಅಲ್ಪ. ಅಂಗಡಿಗೆ ಹಳೇ ನಿಪ್ಪಲ್ಲನ್ನೇ ಒಯ್ಯಿರಿ, ಮರೆ (ಥ್ರೆಡ್) ಬೇರೆಯಾದರೆ ಕೂರುವುದಿಲ್ಲ.

9. ಕಪ್ಲರ್ ಬಿಡಿಸಿ. ನೇರ ಎಳೆದರೆ ಬರುವುದಿಲ್ಲ. ಸ್ವಲ್ಪ ಪಕ್ಕಕ್ಕೆ ವಾಲಿಸಿ, ಸಡಿಲವಾಗುತ್ತದೆ. ಹೊರಗೆ ಚೆಲ್ಲಿದ ಗ್ರೀಸನ್ನು ಒರೆಸಿಬಿಡಿ, ಇಲ್ಲದಿದ್ದರೆ ಧೂಳು ಹಿಡಿಯುತ್ತದೆ. ಬ್ರೇಕ್ ಡ್ರಮ್ ಹತ್ತಿರ ಹೋಗದಂತೆ ವಿಶೇಷವಾಗಿ ನೋಡಿಕೊಳ್ಳಿ.

10. ಗನ್ ಎತ್ತಿಡಿ. ರಾಡನ್ನು ಹಿಂದಕ್ಕೆಳೆದು ಕಚ್ಚಿಗೆ ಸಿಕ್ಕಿಸಿ. ಸ್ಪ್ರಿಂಗ್ ಒತ್ತುತ್ತಲೇ ಇದ್ದರೆ ಗ್ರೀಸಿನ ಎಣ್ಣೆ ಬೇರೆಯಾಗಿ ಸೋರುತ್ತದೆ. ಕಪ್ಲರ್‌ಗೆ ಪ್ಲಾಸ್ಟಿಕ್ ಸುತ್ತಿ. ಎಷ್ಟು ಕಿಲೋಮೀಟರಿಗೆ ಮತ್ತೆ ಹೊಡೆಯಬೇಕೆಂದು ಮ್ಯಾನುಯಲ್‌ನಲ್ಲಿ ಇರುತ್ತದೆ, ಆದರೆ ಜೀಪು ಹಳ್ಳದ ನೀರಲ್ಲಿ ಮುಳುಗೆದ್ದು ಬಂದಿದ್ದರೆ ಆ ಲೆಕ್ಕ ಬಿಟ್ಟು ಅದೇ ವಾರ ಇನ್ನೊಂದು ಸುತ್ತು ಹೊಡೆಯಿರಿ.