ತಿಮಿಂಗಿಲದ ಐದು ಬೆರಳು

'ಅತಿ ದೊಡ್ಡ ಮೀನು ಯಾವುದು?' ಎಂದು ತರಗತಿಯಲ್ಲಿ ಕೇಳಿದರೆ 'ತಿಮಿಂಗಿಲ' ಎನ್ನುವವರೇ ಹೆಚ್ಚು. ಸಂಸ್ಕೃತದಿಂದ ಬಂದ ಈ ಪದದ ಅರ್ಥ 'ತಿಮಿಯನ್ನು ನುಂಗುವುದು'. ತಿಮಿ ಎಂದರೆ ದೊಡ್ಡ ಮೀನು. ಹೆಸರಿನಲ್ಲೇ ಮೀನು ಸೇರಿಕೊಂಡಿರುವಾಗ ಮಕ್ಕಳನ್ನು ದೂರುವಂತಿಲ್ಲ. ಆದರೆ ಮೂಳೆಗಳು ಬೇರೆಯದೇ ಕಥೆ ಹೇಳುತ್ತವೆ.

ಅದನ್ನು ಕೇಳಲೆಂದೇ ನಾವು ಮಸ್ಕತ್ತಿನ ಅಲ್ ಖುವೈರ್‌ನಲ್ಲಿ 1985ರಲ್ಲಿ ತೆರೆದ ಪ್ರಕೃತಿ ಚರಿತ್ರೆಯ ವಸ್ತುಸಂಗ್ರಹಾಲಯಕ್ಕೆ ಹೋದೆವು. ಚಿಕ್ಕ ಮ್ಯೂಸಿಯಂ. ಉಳಿದ ವಿಭಾಗಗಳನ್ನು ಬೇಗ ದಾಟಿ ತಿಮಿಂಗಿಲದ ಹಜಾರದಲ್ಲೇ ನಿಂತುಬಿಟ್ಟೆವು. 1980ರ ದಶಕದಲ್ಲಿ ಒಮಾನಿನ ದಡಕ್ಕೆ ಬಂದು ಬಿದ್ದ ಸ್ಪರ್ಮ್ ತಿಮಿಂಗಿಲದ ಅಸ್ಥಿಪಂಜರ ಅಲ್ಲಿತ್ತು.

ಮಕ್ಕಳೇ, ಮೊದಲು ಈಜುಗೈ ನೋಡೋಣ. ತೋಳಿಗೆ ಒಂದು ಮೂಳೆ, ಮುಂಗೈಗೆ ಎರಡು, ಮಣಿಕಟ್ಟಿನ ಚಿಕ್ಕ ಮೂಳೆಗಳು, ಆಮೇಲೆ ಐದು ಬೆರಳು! ನಿಮ್ಮ ಕೈಯನ್ನು ಮುಟ್ಟಿ ನೋಡಿಕೊಳ್ಳಿ, ಅದೇ ಜೋಡಣೆ. ಮನೆಗೆ ತಂದ ಬಂಗುಡೆಯ ರೆಕ್ಕೆ ಬಿಡಿಸಿದರೆ ತೆಳ್ಳನೆಯ ಕಡ್ಡಿಗಳಷ್ಟೇ ಕಾಣುತ್ತವೆ. ಇನ್ನು ಬಾಲ. ಮೀನು ಬಾಲವನ್ನು ಅಕ್ಕಪಕ್ಕಕ್ಕೆ ಬೀಸುತ್ತದೆ, ತಿಮಿಂಗಿಲ ಮೇಲೆ ಕೆಳಗೆ. ಓಡುವ ನಾಯಿಯ ಬೆನ್ನು ಬಾಗುವುದೂ ಹಾಗೆಯೇ. ಸುಮಾರು ಐದು ಕೋಟಿ ವರ್ಷಗಳ ಹಿಂದೆ ಇದರ ಪೂರ್ವಜರು ನಾಲ್ಕು ಕಾಲಿನ ಪ್ರಾಣಿಗಳಾಗಿದ್ದರು. ನೆಲದ ಮೇಲೆ ಇಂದಿರುವ ಹತ್ತಿರದ ನೆಂಟ ನೀರಾನೆ. ಹಿಂಗಾಲು ಹೋದರೂ ಸೊಂಟದ ಎರಡು ಪುಟ್ಟ ಮೂಳೆಗಳು ಬೆನ್ನೆಲುಬಿಗೆ ಅಂಟದೆ ಮಾಂಸದೊಳಗೆ ಉಳಿದಿವೆ.

ತಲೆಬುರುಡೆ ದೊಡ್ಡ ತೊಟ್ಟಿಯಂತಿದೆ. ಬದುಕಿದ್ದಾಗ ಆ ತಗ್ಗಿನ ಮೇಲೆ ಮೇಣದಂಥ ಎಣ್ಣೆ ತುಂಬಿರುತ್ತದೆ. ಮನುಷ್ಯರು ದೀಪ ಉರಿಸಲು ಈ ಎಣ್ಣೆಗಾಗಿಯೇ ಇವನ್ನು ಬೇಟೆಯಾಡಿದರು.

'ತಿಮಿಂಗಿಲ ನಮ್ಮ ಕಾರವಾರಕ್ಕೂ ಬರುತ್ತದಾ ಮಿಸ್?' ಎಂದಳು ಒಬ್ಬ ಹುಡುಗಿ. ಒಳ್ಳೆಯ ಪ್ರಶ್ನೆ. ಅರಬ್ಬೀ ಸಮುದ್ರದಲ್ಲಿ ಹಂಪ್‌ಬ್ಯಾಕ್ ಎಂಬ ಇನ್ನೊಂದು ಜಾತಿಯ ತಿಮಿಂಗಿಲಗಳಿವೆ. ಬೇರೆ ಕಡಲುಗಳ ಹಂಪ್‌ಬ್ಯಾಕ್‌ಗಳಂತೆ ಇವು ಧ್ರುವದತ್ತ ವಲಸೆ ಹೋಗುವುದಿಲ್ಲ, ವರ್ಷವಿಡೀ ಇಲ್ಲೇ. 1966ರಲ್ಲಿ ಸೋವಿಯತ್ ಹಡಗುಗಳು ಇಂಥ 200ಕ್ಕೂ ಹೆಚ್ಚು ತಿಮಿಂಗಿಲಗಳನ್ನು ಕೊಂದವು. ಈಗ ಒಮಾನಿನ ಕಡೆ ಉಳಿದಿರುವುದು ನೂರಕ್ಕೂ ಕಡಿಮೆ ಎಂಬ ಅಂದಾಜಿದೆ. ಅವುಗಳಲ್ಲೊಂದು ಹೆಣ್ಣಿಗೆ ವಿಜ್ಞಾನಿಗಳು ಲುಬಾನ್ ಎಂದು ಹೆಸರಿಟ್ಟರು. ಅರಬ್ಬಿಯಲ್ಲಿ ಹಾಗೆಂದರೆ ಸಾಂಬ್ರಾಣಿಯಂಥ ಧೂಪ. 2017ರ ನವೆಂಬರ್‌ನಲ್ಲಿ ಅದರ ಬೆನ್ನಿಗೆ ಉಪಗ್ರಹದ ಟ್ಯಾಗ್ ಹಾಕಿದರು. ಡಿಸೆಂಬರ್‌ನಲ್ಲಿ ಅದು ಗೋವಾ ಸಮೀಪವಿತ್ತು! ಅಲ್ಲಿಂದ ಪಶ್ಚಿಮ ಕರಾವಳಿಯುದ್ದಕ್ಕೂ ದಕ್ಷಿಣದ ತುದಿಯವರೆಗೆ ಈಜಿ, 2018ರ ಆರಂಭದಲ್ಲಿ ಒಮಾನಿನತ್ತ ಮರಳಿತು. ನಕಾಶೆಯಲ್ಲಿ ಆ ದಾರಿಯ ಮೇಲೆ ಬೆರಳಾಡಿಸಿದಾಗ, ನಡುವೆ ಕಾರವಾರವೂ ಸಿಕ್ಕಿತು.