ಕೆಂಪು ಪಟ್ಟಿ ಓದಿ, ಆಮೇಲೆ 'ವೈ' ಒತ್ತಿ



ಕಾಸರಗೋಡಿನ ನಮ್ಮ ಶಾಲೆಗಳ ಲ್ಯಾಬಿನಲ್ಲಿರುವ ಕೈಟ್ ಗ್ನೂ/ಲಿನಕ್ಸ್ ನಿಮಗೆ ಗೊತ್ತಲ್ವಾ? ಅದು ಉಬುಂಟುವಿನಿಂದ ತಯಾರಾದದ್ದು. ಉಬುಂಟು ಡೆಬಿಯನ್‌ನಿಂದ ಬಂದದ್ದು. ಈ ಮೂರರಲ್ಲೂ ತಂತ್ರಾಂಶವನ್ನು ತಂದು ಕೂರಿಸುವುದು, ಬೇಡವಾದರೆ ತೆಗೆಯುವುದು 'ಆಪ್ಟ್' ಎಂಬ ಪ್ಯಾಕೇಜ್ ಮ್ಯಾನೇಜರ್‌ನ ಕೆಲಸ. ಇದರ 3.0 ಆವೃತ್ತಿ 2025ರ ಏಪ್ರಿಲ್‌ನಲ್ಲಿ ಬಂತು. ಅದೇ ವರ್ಷ ಆಗಸ್ಟ್ 9ರಂದು ಹೊರಬಂದ ಡೆಬಿಯನ್ 13ರಲ್ಲಿ ಇರುವುದೂ ಇದೇ.

ಅವಲಂಬನೆ ಎಂದರೇನು?

ಊರಲ್ಲಿ ಒಂದು ಯಕ್ಷಗಾನ ಬಯಲಾಟ ಆಗಬೇಕು ಅಂತಿಟ್ಟುಕೊಳ್ಳಿ. ವೇಷಧಾರಿಗಳು ಮಾತ್ರ ಬಂದರೆ ಸಾಕೇ? ಭಾಗವತರು ಬೇಕು, ಚೆಂಡೆ ಬೇಕು, ಮದ್ದಳೆ ಬೇಕು. ತಂತ್ರಾಂಶವೂ ಹಾಗೆಯೇ. ಒಂದು ಪ್ಯಾಕೇಜ್ ಓಡಲು ಬೇರೆ ಹತ್ತಾರು ಪ್ಯಾಕೇಜ್‌ಗಳು ಬೇಕಾಗಬಹುದು. ಇದಕ್ಕೆ ಅವಲಂಬನೆ ಎನ್ನುತ್ತಾರೆ. ಕೆಲವು ಪ್ಯಾಕೇಜ್‌ಗಳು ಒಂದೇ ಕಂಪ್ಯೂಟರಿನಲ್ಲಿ ಒಟ್ಟಿಗೆ ಇರಲಾರವು. ಆಗ ಒಂದನ್ನು ತರಲು ಇನ್ನೊಂದನ್ನು ತೆಗೆಯಬೇಕಾಗುತ್ತದೆ. ಅಪಾಯ ಇರುವುದು ಇಲ್ಲೇ.

ಒಂದು ನಿಜ ಘಟನೆ

2021ರಲ್ಲಿ ಕೆನಡಾದ ಒಬ್ಬ ಪ್ರಸಿದ್ಧ ಯೂಟ್ಯೂಬರ್ ಉಬುಂಟು ಆಧಾರಿತ ಲಿನಕ್ಸ್‌ನಲ್ಲಿ ಆಟಗಳ ತಂತ್ರಾಂಶವೊಂದನ್ನು ಹಾಕಲು ಹೊರಟರು. ಆ ಹೊತ್ತಿಗೆ ಪ್ಯಾಕೇಜ್‌ನಲ್ಲೇ ಒಂದು ದೋಷವಿತ್ತು. ಅದರಿಂದಾಗಿ ಆಪ್ಟ್ ಇಡೀ ಡೆಸ್ಕ್‌ಟಾಪನ್ನೇ ತೆಗೆಯುವ ಪಟ್ಟಿ ಕೊಟ್ಟಿತು. ಎಚ್ಚರಿಕೆಯೂ ಇತ್ತು, ಆದರೆ ಅದು ಉದ್ದನೆಯ ಅಕ್ಷರರಾಶಿಯ ಮಧ್ಯೆ ಇತ್ತು. "ಯೆಸ್, ಡು ಆ್ಯಸ್ ಐ ಸೇ!" ಎಂದು ಟೈಪ್ ಮಾಡಲು ಆಪ್ಟ್ ಕೇಳಿತು, ಅವರು ಮಾಡಿದರು. ಡೆಸ್ಕ್‌ಟಾಪ್ ಹೋಯಿತು!

ಆಮೇಲೆ ಆಪ್ಟ್ ತಯಾರಕರು ಈ ದಾರಿಯನ್ನು ಬಿಗಿ ಮಾಡಿದರು. ಅಷ್ಟೇ ಅಲ್ಲ, 3.0ರಲ್ಲಿ ಪರದೆಯ ರೂಪವೇ ಬದಲಾಗಿದೆ.

3.0ರಲ್ಲಿ ಹೊಸದೇನು?

1. ಬಣ್ಣ: ಹೊಸದಾಗಿ ಬರುವ ಪ್ಯಾಕೇಜ್‌ಗಳು ಹಸಿರು, ತೆಗೆಯುವವು ಕೆಂಪು.

2. ಸಾಲು: ಮೊದಲು ಹೆಸರುಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತಿದ್ದವು. ಈಗ ಕಂಬಸಾಲಾಗಿ, ಬಿಡಿಬಿಡಿಯಾಗಿ ಬರುತ್ತವೆ. ಕೊನೆಗೆ ಎಷ್ಟು ಬರುತ್ತವೆ, ಎಷ್ಟು ಹೋಗುತ್ತವೆ, ಎಷ್ಟು ಜಾಗ ಬೇಕು ಎಂಬ ಲೆಕ್ಕ.

3. ಹೊಸ ಸಾಲ್ವರ್: ಅವಲಂಬನೆಯ ಒಗಟನ್ನು ಬಿಡಿಸುವ ಭಾಗ ಇದು. ಒಂದು ದಾರಿ ಹಿಡಿದು ಹೋಗುತ್ತದೆ. ತಡೆ ಎದುರಾದರೆ ಹಿಂದೆ ಬಂದು ಬೇರೆ ದಾರಿ ನೋಡುತ್ತದೆ, ಸುಡೋಕು ಬಿಡಿಸುವಾಗ ನೀವು ಮಾಡುವಂತೆ. ನೀವೇ ಬೇಕೆಂದು ಹಾಕಿದ ಪ್ಯಾಕೇಜನ್ನು ಅದು ತಾನಾಗಿ ತೆಗೆಯಲು ಹೋಗುವುದಿಲ್ಲ.

ಇಷ್ಟಾದರೂ 'ವೈ' ಒತ್ತುವ ಬೆರಳು ನಿಮ್ಮದೇ. ಬಣ್ಣ ತೋರಿಸೀತು, ಓದುವ ಕೆಲಸ ನಾವೇ ಮಾಡಬೇಕು.

ಮಾಡಿ ನೋಡಿ

ಅಧ್ಯಾಪಕರ ಅನುಮತಿ ಪಡೆದು ಟರ್ಮಿನಲ್ ತೆರೆಯಿರಿ. ಆದೇಶಗಳನ್ನು ಇಂಗ್ಲಿಷ್ ಸಣ್ಣಕ್ಷರಗಳಲ್ಲೇ ಟೈಪ್ ಮಾಡಿ.

ಮೊದಲು: ಆಪ್ಟ್ --ವರ್ಶನ್. ನಿಮ್ಮ ಕಂಪ್ಯೂಟರಿನಲ್ಲಿರುವ ಆವೃತ್ತಿ ಯಾವುದೆಂದು ತಿಳಿಯುತ್ತದೆ. ಉಬುಂಟು 22.04 ಆಧಾರಿತವಾದರೆ 2.4 ಎಂದು ಬರುತ್ತದೆ. ಅದರಲ್ಲಿ ಈ ಬಣ್ಣಗಳಿಲ್ಲ. ಹಾಗಾಗಿ ಇನ್ನೂ ಜಾಗ್ರತೆಯಿಂದ ಓದಬೇಕು.

ಆಮೇಲೆ: ಆಪ್ಟ್ -ಎಸ್ ಇನ್‌ಸ್ಟಾಲ್ ಸ್ಟೆಲೇರಿಯಮ್. ಸ್ಟೆಲೇರಿಯಮ್ ಅಂದರೆ ಆಕಾಶ ತೋರಿಸುವ ತಂತ್ರಾಂಶ. '-ಎಸ್' ಇರುವುದರಿಂದ ಇದು ಬರೀ ಅಣಕು ಓಟ. ಪಾಸ್‌ವರ್ಡ್ ಬೇಡ, ಏನೂ ಬದಲಾಗುವುದಿಲ್ಲ.

ಉತ್ತರ ಬರೆಯಿರಿ

1. ಸ್ಟೆಲೇರಿಯಮ್ ಜೊತೆ ಬೇರೆ ಎಷ್ಟು ಪ್ಯಾಕೇಜ್‌ಗಳು ಬರುತ್ತವೆ?
2. ತೆಗೆಯುವ ಪಟ್ಟಿಯಲ್ಲಿ ಏನಾದರೂ ಇದೆಯೇ?
3. ಆ ಪಟ್ಟಿಯಲ್ಲಿ ನಿಮಗೆ ಗೊತ್ತಿರುವ ಹೆಸರು ಕಂಡರೆ ಏನು ಮಾಡುತ್ತೀರಿ? ಯಾಕೆ?