ಬೆಂಗಳೂರಿನ ತೊಟ್ಟಿಯೂ ನೊಬೆಲ್ ಪಾರಿತೋಷಕವೂ

ವೈದ್ಯವಿಜ್ಞಾನದ ನೊಬೆಲ್ ಪಾರಿತೋಷಕವೆಂದೊಡನೆ ನಮ್ಮ ಮಕ್ಕಳು ದೂರದ ಸ್ವೀಡನ್ನನ್ನು ನೆನೆಯುತ್ತಾರೆ. ತೊರಪಲ್ಲಿ ಅಗ್ರಹಾರದಲ್ಲಿ ಈ ಪಾಠ ಹೇಳುವಾಗ ನಾನು ಹೊಸೂರಿನಾಚೆಯ ಬೆಂಗಳೂರಿನಿಂದಲೇ ಆರಂಭಿಸುತ್ತಿದ್ದೆನು.

1883ರಲ್ಲಿ ರೊನಾಲ್ಡ್ ರಾಸ್ ಎಂಬ ತರುಣ ಸೇನಾವೈದ್ಯರು ಬೆಂಗಳೂರು ದಂಡಿನಲ್ಲಿದ್ದರು. ಬಂಗಲೆಯಲ್ಲಿ ಸೊಳ್ಳೆಗಳ ಕಾಟ ವಿಪರೀತ. ಕಿಟಕಿಯ ಹೊರಗಿನ ತೊಟ್ಟಿಯಲ್ಲಿ ಅವುಗಳ ಮರಿಹುಳುಗಳನ್ನು ಕಂಡು ನೀರನ್ನು ಚೆಲ್ಲಿಸಿದರು. ಕಾಟ ಬಹಳಷ್ಟು ಇಳಿಯಿತು. ಚಳಿಜ್ವರಕ್ಕೂ ಸೊಳ್ಳೆಗೂ ಇರುವ ನಂಟು ಆಗ ಅವರಿಗೂ ತಿಳಿದಿರಲಿಲ್ಲ. ಫ್ರಾನ್ಸಿನ ಲವೆರಾನ್ 1880ರಲ್ಲಿಯೇ ಮನುಷ್ಯನ ರಕ್ತದಲ್ಲಿ ಮಲೇರಿಯಾ ರೋಗಾಣುವನ್ನು ಕಂಡಿದ್ದರೂ, ಅದು ಒಬ್ಬರಿಂದ ಇನ್ನೊಬ್ಬರಿಗೆ ದಾಟುವ ಬಗೆ ಒಗಟಾಗಿತ್ತು.

ಉತ್ತರದ ಮೊದಲ ಸುಳಿವು ಸಿಕಂದರಾಬಾದಿನಲ್ಲಿ ದೊರೆಯಿತು. ಹುಸೇನ್ ಖಾನ್ ಎಂಬ ರೋಗಿ ಸೊಳ್ಳೆಗಳಿಂದ ಕಚ್ಚಿಸಿಕೊಂಡರು. ಕಚ್ಚಿದ ಸೊಳ್ಳೆಯೊಂದಕ್ಕೆ ಒಂದಾಣೆ ಕೂಲಿ! 1897ರ ಆಗಸ್ಟ್ 20ರಂದು ಅಂಥ ಸೊಳ್ಳೆಯೊಂದರ ಜಠರದ ಭಿತ್ತಿಯಲ್ಲಿ ಕಪ್ಪು ಕಣಗಳುಳ್ಳ ರೋಗಾಣು ಗೋಚರಿಸಿತು. ಮರುವರ್ಷ ರಾಸ್ ಕಲ್ಕತ್ತೆಯಲ್ಲಿ ಹಕ್ಕಿಗಳ ಮಲೇರಿಯಾವನ್ನು ಪರೀಕ್ಷಿಸಿ, ರೋಗಾಣು ಸೊಳ್ಳೆಯ ಜೊಲ್ಲುಗ್ರಂಥಿಯನ್ನು ಸೇರಿ ಕಡಿತದೊಡನೆ ದಾಟುವುದೆಂದು ತೋರಿಸಿದರು. 1902ರಲ್ಲಿ ನೊಬೆಲ್ ಬಂದಿತು.

ಮನುಷ್ಯರ ಮಲೇರಿಯಾವನ್ನು ಅನಾಫಿಲಿಸ್ ಸೊಳ್ಳೆಯೇ ಹರಡುವುದೆಂದು 1898ರಲ್ಲಿ ತೋರಿಸಿದ ಇಟಲಿಯ ಗ್ರಾಸಿಯವರಿಗೆ ಅದರಲ್ಲಿ ಪಾಲು ದೊರೆಯಲಿಲ್ಲ. ಇದು ನ್ಯಾಯವಲ್ಲವೆಂದೇ ನನ್ನ ಎಣಿಕೆ. ಕಲ್ಕತ್ತೆಯಲ್ಲಿ ರಾಸ್ ಅವರಿಗೆ ನೆರವಾದ ಮಹಮ್ಮದ್ ಬಕ್ಷರನ್ನಂತೂ ನೆನೆಯುವವರು ವಿರಳ.

ಮೊಟ್ಟೆಯು ರೆಕ್ಕೆಯ ಸೊಳ್ಳೆಯಾಗಲು ಸಾಮಾನ್ಯವಾಗಿ ವಾರಕ್ಕೂ ಮಿಗಿಲಾದ ಕಾಲ ಬೇಕು. ಆದುದರಿಂದಲೇ ಮನೆಯ ತೊಟ್ಟಿಯನ್ನು ವಾರಕ್ಕೊಮ್ಮೆ ಬರಿದುಮಾಡಿ ಉಜ್ಜಬೇಕೆಂದು ನಾನು ಮಕ್ಕಳಿಗೆ ಹೇಳಿ ಕಳುಹಿಸುತ್ತಿದ್ದೆನು.